ಚಿಮಣಿ ಉರಿಗೆ ಅಂಟಿಸಿದ ಪಾಕೀಟು

ನಾಲ್ಕನೆಯ ತರಗತಿಯಲ್ಲಿದ್ದಾಗ ನಾನು ನಮ್ಮವ್ವನನ್ನು ಸುಳ್ಳಿ ಎಂದು ಕರೆದೆ. ಅದಕ್ಕೆ ಕಾರಣ ಎರಡು ಶೇಂಗಾ ಉಂಡಿ.

ಗೊಬ್ಬೂರಿನ ನಮ್ಮ ಶಾಲೆಯ ಎದುರಿಗೆ ಒಂದು ಕಿರಾಣಿ ಅಂಗಡಿಯಿತ್ತು. ಅದರ ಬಾಗಿಲಿಗೆ ಕ್ರೀಮ್ ಬಿಸ್ಕತ್ತಿನ ಪಾಕೀಟುಗಳ ಸರ ತೂಗಾಡುತ್ತಿತ್ತು, ಸರಿಯಾಗಿ ನಮ್ಮ ಕಣ್ಣಿನ ಮಟ್ಟಕ್ಕೆ. ಪ್ರತಿ ಪಾಕೀಟಿನ ಮೇಲೂ ಒಂದು ಕಣ್ಣು ಮಿಟುಕಿಸುವ ಮೊಲ. ಪುಟಾಣಿ, ಶೇಂಗಾ, ಬೆಲ್ಲ ಎಲ್ಲ ಅಂಗಡಿಯವನ ಕಾಲಿನ ಹಿಂದೆ ಚೀಲಗಳಲ್ಲಿ ಕೂತಿರುತ್ತಿದ್ದವು. ಅವುಗಳ ಮುಖ ನಮಗೆ ಕಾಣುತ್ತಲೇ ಇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮೊಲದ ಪಾಕೀಟು ಯಾರ ಕೈಯಲ್ಲಿರುತ್ತಿತ್ತೋ ಅವರ ಸುತ್ತ ಗುಂಪು. ನನ್ನ ಸುತ್ತ ಎಂದೂ ಗುಂಪು ಸೇರಿದ್ದಿಲ್ಲ.

ಅವ್ವ ತೊಗರಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವಳ ತವರು ಜೇವರ್ಗಿ ಕಡೆಯ ನೆಲೋಗಿ. ಅಲ್ಲಿಂದ ಸೋದರಮಾವ ಬಂದಾಗಲೆಲ್ಲ ಅರ್ಧ ಚೀಲ ಶೇಂಗಾ ತರುತ್ತಿದ್ದ. ಅವ್ವ ಅದನ್ನು ಹುರಿದು, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ, ಒರಳಿನಲ್ಲಿ ಬೆಲ್ಲದ ಜೊತೆ ಕುಟ್ಟಿ ಉಂಡಿ ಕಟ್ಟುತ್ತಿದ್ದಳು. ಹುರಿಯುವಾಗ ಒಂದಿಷ್ಟು ಯಾವಾಗಲೂ ಸೀಯುತ್ತಿತ್ತು. ನಾನು ಮುಟ್ಟುತ್ತಿರಲಿಲ್ಲ. ಮೊಲದ್ದೇ ಬೇಕೆಂದು ಹಟ.

ಒಂದು ಮುಂಜಾನೆ ಅವಳು ನನ್ನ ಕೈಗೆ ಮೊಲದ ಪಾಕೀಟನ್ನೇ ಇಟ್ಟಳು.

"ತಗೊ. ನಿನ್ನ ಮೊಲ."

ಬಿಡುವಿನ ಗಂಟೆ ಹೊಡೆದದ್ದೇ ನಾನು ಬೇವಿನ ಮರದ ಕೆಳಗೆ ನಡುವೆ ನಿಂತು, ಎಲ್ಲರಿಗೂ ಕಾಣುವಂತೆ ಪಾಕೀಟು ಹರಿದೆ. ಒಳಗಿನಿಂದ ಎರಡು ಉಂಡಿ ಉರುಳಿ ಬಿದ್ದವು.

"ಏನ ಬೇ, ನಿಮ್ಮವ್ವ ಕಂಪನಿ ತಗದಾಳೇನು?" ಎಂದಳು ಪಕ್ಕದಲ್ಲಿ ಕೂರುವವಳು.

"ಮೊಲ ಹಿಕ್ಕಿ ಹಾಕ್ಯದ ನೋಡ್ರಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಉಂಡಿಗಳನ್ನು ಗೋಡೆಯಾಚೆ ಎಸೆದೆ. ಸಂಜೆ ಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ನಿಂತು ಕೂಗಿದೆ: "ನೀ ಸುಳ್ಳಿ! ನನಗ ಮೋಸ ಮಾಡ್ದಿ!"

ಅವಳ ಕೈ ಒಂದು ಗಳಿಗೆ ನಿಂತಿತು. "ಆತು ಬಿಡು," ಎಂದಳು. ಮತ್ತೆ ರೊಟ್ಟಿ ಬಡಿದಳು.

ಆ ಖಾಲಿ ಪಾಕೀಟನ್ನು ಅವ್ವ ಹೊಲದಿಂದ ಬರುವಾಗ ಶಾಲೆಯ ತಿಪ್ಪೆಯಿಂದ ಆರಿಸಿ ತಂದಿರಬೇಕು. ಒಳಗೆ ಸಬಕಾರದ ವಾಸನೆಯಿತ್ತು, ಅಂದರೆ ತೊಳೆದಿದ್ದಳು. ಬಾಯಿಯನ್ನು ಚಿಮಣಿ ಬುಡ್ಡಿಯ ಉರಿಗೆ ಹಿಡಿದು ಅಂಟಿಸಿದ್ದಳು. ಅಂಚು ಸುರುಟಿ ಕಂದು ಗೆರೆಯಾಗಿತ್ತು. ಇದನ್ನೆಲ್ಲ ನನ್ನ ಮೂಗು, ಬೆರಳು ಅಂದೇ ಅರಿತಿದ್ದವು, ತಲೆಗೆ ತಿಳಿಯಲು ವರ್ಷಗಳು ಬೇಕಾದವು. ಆಮೇಲೆ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿಯಾಯಿತು, ಸಾರಿಗೆ ಬಿತ್ತು. ಉಂಡಿಯಾಗಲಿಲ್ಲ.

ಆಳಂದದ ಹಾಸ್ಟೆಲಿನಲ್ಲಿದ್ದು ಪದವಿ ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ಚಳಿಗಾಲದಲ್ಲಿ ಗೆಳತಿಯರ ಮನೆಗಳಿಂದ ಡಬ್ಬಿ ಬರುತ್ತಿದ್ದವು. ಎಷ್ಟೋ ತಾಯಂದಿರ ಉಂಡಿ ತಿಂದೆ. ಕೆಲವರು ಯಾಲಕ್ಕಿ ಹಾಕುತ್ತಿದ್ದರು, ಕೆಲವರು ತುಪ್ಪ. ನನಗೆ ಬೇಕಾದದ್ದು ಆ ಸೀದ ವಾಸನೆ. ಊರಿಗೆ ಹೋದಾಗ "ಯವ್ವಾ, ಉಂಡಿ ಮಾಡು" ಎನ್ನಲು ಬಾಯಿ ಬರುತ್ತಿರಲಿಲ್ಲ. ಎಸೆದವಳು ಯಾವ ಮುಖದಿಂದ ಕೇಳಬೇಕು?

ಈಗ ಹೈದರಾಬಾದಿನಲ್ಲಿ ಮಕ್ಕಳ ಕಾರ್ಟೂನು ಮಾಡುವ ಕಂಪನಿಯೊಂದರಲ್ಲಿದ್ದೇನೆ. ಕೆಂಪು ಟೊಪ್ಪಿಗೆಯ ಅಳಿಲೊಂದು ನಮ್ಮ ಬಂಡವಾಳ. ಅದು ಕನ್ನಡದಲ್ಲಿ ಆಡುವ ಮಾತೆಲ್ಲ ನಾನು ಬರೆದದ್ದು. ಅಳಿಲಿನ ಚಿತ್ರ ಇಷ್ಟು ವರ್ಷ ಚಿಪ್ಸಿನ ಪಾಕೀಟಿನ ಮೇಲಿತ್ತು. ಹೋದ ವರ್ಷ ತಾಯಿತಂದೆಯರು ತಕರಾರು ತೆಗೆದರು. ಒಳ್ಳೆಯ ತಿಂಡಿಯ ಮೇಲೆ ಚಿತ್ರ ಹಾಕೋಣ, ಶೇಂಗಾ ಉಂಡಿಯಿಂದ ಶುರು ಮಾಡೋಣ ಎಂದು ಕಂಪನಿ ತೀರ್ಮಾನಿಸಿತು.

ಸಭೆಯಲ್ಲಿ ನಮ್ಮ ಮುಖ್ಯಸ್ಥರು ಯೋಜನೆ ಹೇಳಿದರು. ಪಾಕೀಟು ಅದೇ ಚಿಪ್ಸಿನದು, ಬಣ್ಣ ಅದೇ, ಒಳಗೆ ಮಾತ್ರ ಉಂಡಿ. "ಗೊತ್ತಾಗುವಷ್ಟರಲ್ಲಿ ಮಕ್ಕಳು ತಿಂದಿರುತ್ತಾರೆ," ಎಂದರು. ಎಲ್ಲರೂ ನಕ್ಕರು.

ಆ ಕೋಣೆಯಲ್ಲಿ ನಾನು ಮಾತಾಡುವುದು ಕಡಿಮೆ, ನನ್ನದು ಆಳಂದದ ಹಿಂದಿ. ಆದರೂ ಎದ್ದು ನಿಂತೆ. "ತಿನ್ನುವುದಿಲ್ಲ ಸರ್, ಎಸೆಯುತ್ತಾರೆ. ಆಮೇಲೆ ಅಳಿಲನ್ನೂ ನಂಬುವುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ನಾನು ಎಸೆದಿದ್ದೇನೆ."

ಮೊಲದ ಕತೆ ಹೇಳಿದೆ. ಸುಳ್ಳಿ ಎಂದದ್ದನ್ನು ಮಾತ್ರ ಹೇಳಲಿಲ್ಲ. ಪಾಕೀಟಿಗೆ ಒಂದು ಕಿಟಕಿ ಇರಲಿ, ಒಳಗಿನದು ಕಾಣಲಿ ಎಂದೆ. ಚಿಪ್ಸಿನ ಸರದ ಪಕ್ಕದಲ್ಲೇ, ಅದೇ ಎತ್ತರಕ್ಕೆ ತೂಗಲಿ. ಅಳಿಲಿನ ಬಾಯಲ್ಲಿ "ಆರೋಗ್ಯಕ್ಕೆ ಒಳ್ಳೆಯದು" ಎಂಬ ಮಾತು ಬೇಡವೇ ಬೇಡ. ನಮ್ಮ ಕಡೆ "ಮೈಗೆ ಛಲೋ" ಎನ್ನುವುದು ಕಷಾಯ ಕುಡಿಸುವಾಗ. ಕೇಳಿದ ಕೂಡಲೇ ಹುಡುಗರು ಓಡುತ್ತಾರೆ. ಅಳಿಲು ಉಂಡಿಯನ್ನು ಟೊಪ್ಪಿಗೆಯಲ್ಲಿ ಬಚ್ಚಿಟ್ಟುಕೊಂಡು ಮುಖ ತಿರುಗಿಸಲಿ. "ನನ್ನದು, ಕೊಡುವುದಿಲ್ಲ" ಎನ್ನಲಿ.

ಮುಖ್ಯಸ್ಥರು ಸಣ್ಣ ಊರಿನ ಅಂಗಡಿಗಳಲ್ಲಿ ತೂಗಿಸಿ ನೋಡೋಣ ಎಂದರು. ಮಾದರಿಗಳನ್ನು ನಾನೇ ನಮ್ಮ ಊರಿಗೆ ಒಯ್ಯುತ್ತೇನೆ ಎಂದೆ. ಅವ್ವ ಈಗ ಅಣ್ಣನ ಮನೆಯ ಕಟ್ಟೆಯ ಮೇಲೆ ಒಂದು ಡಬ್ಬಿ ಅಂಗಡಿ ಇಟ್ಟುಕೊಂಡಿದ್ದಾಳೆ. ಅಲ್ಲಿಯೂ ನಮ್ಮ ಅಳಿಲಿನ ಚಿಪ್ಸೇ ತೂಗುತ್ತದೆ.

ನಾನು ತಂದ ಸರವನ್ನು ಅವ್ವ ಬೆಳಕಿಗೆ ಹಿಡಿದು ತಿರುವಿ ನೋಡಿದಳು.

"ಇದು ಹೋಗಂಗಿಲ್ಲ ಬೇ. ನಾ ಒಮ್ಮೆ ಮಾಡಿ ನೋಡೇನಿ."

ನೆನಪಿತ್ತು ಅವಳಿಗೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ತೆಗೆದೆ. "ಯವ್ವಾ, ಅವತ್ತ ನಾ ನಿನಗ ಅಂದಿದ್ನಲ್ಲ…"

"ಏ, ಸುಮ್ಕಿರು. ಗಿರಾಕಿ ಬಂದದ."

ಎರಡು ಜಡೆಯ ಒಬ್ಬ ಹುಡುಗಿ ನಿಂತಿದ್ದಳು. ಅವಳ ಕಣ್ಣು ಹೊಸ ಸರದ ಮೇಲೆ.

"ಆಯಿ, ಇದರಾಗ ಏನದ?"

"ಕಣ್ಣಿಲ್ಲೇನು? ಕಿಡಕಿ ಇಟ್ಟಾರ ನೋಡು."

"ಉಂಡಿ! ಅಳಿಲ್ಯಾಕ ಮಾರಿ ತಿರುವ್ಯದ?"

"ನಿನಗ ಕೊಡಂಗಿಲ್ಲಂತ."

"ಕೊಡಂಗಿಲ್ಲಂದ್ರ? ಹರಿ ಆಯಿ, ನನಗೊಂದು ಹರಿ!" ಎಂದಳು ಹುಡುಗಿ. ಪಾಕೀಟು ಕೈಗೆ ಬಂದ ಮೇಲೆ ತುಸು ಯೋಚಿಸಿ, "ಚಿಪ್ಸೂ ಕೊಡು," ಎಂದಳು.

ಅವ್ವ ಬಾಯಿಗೆ ಸೆರಗು ಇಟ್ಟು ನಕ್ಕಳು. ಹುಡುಗಿ ಹೋದ ಮೇಲೆ ತಾನೂ ಒಂದು ಪಾಕೀಟು ಹರಿದಳು. ಅವಳಿಗೆ ಸಕ್ಕರೆ ಕಾಯಿಲೆ. ಬೇಡ ಎನ್ನುವಷ್ಟರಲ್ಲಿ ಒಂದು ಚೂರು ಮುರಿದು ನಾಲಿಗೆಗೆ ಇಟ್ಟುಕೊಂಡಿದ್ದಳು.

"ಶೇಂಗಾ ಹಸಿ ಅದ. ಹುರದೇ ಇಲ್ಲ. ನಿಮ್ಮ ಕಂಪನ್ಯಾಗ ಹೆಣ್ಮಕ್ಕಳು ಯಾರೂ ಇಲ್ಲೇನು?"

"ಹಂಗಾರ ನೀ ಮಾಡಿ ಕೊಡು," ಎಂದೆ. ಮಾತು ತಾನಾಗಿಯೇ ಬಂದುಬಿಟ್ಟಿತು. "ನನಗ. ಒಮ್ಮೆ."

ಅವಳು ಓಣಿಯ ಕಡೆ ನೋಡಿದಳು. ಆ ಹುಡುಗಿ ಗೋಡೆಗೆ ಒರಗಿ ಉಂಡಿ ಕಡಿಯುತ್ತಿದ್ದಳು, ಇನ್ನೊಂದು ಕೈಯಲ್ಲಿ ಚಿಪ್ಸು. ಗೋಡೆಯಾಚೆ ಏನನ್ನೂ ಎಸೆಯಲಿಲ್ಲ.

"ಒಂದು ಖಾಲಿ ಪಾಕೀಟ ಇಟ್ಟು ಹೋಗು," ಎಂದಳು ಅವ್ವ.

ಮಾದರಿಗೆಂದು ತಂದ ಖಾಲಿ ಪಾಕೀಟುಗಳಲ್ಲಿ ಒಂದನ್ನು ಕೊಟ್ಟು ಬಂದೆ. ಇದಾಗಿ ಮೂರು ತಿಂಗಳು. ಕಂಪನಿ ಇನ್ನೂ ತೂಗಿ ನೋಡುತ್ತಲೇ ಇದೆ. ನನಗೆ ರಜೆ ಸಿಕ್ಕಿಲ್ಲ. ಮೊನ್ನೆ ಫೋನಿನಲ್ಲಿ ತಡೆಯಲಾಗದೆ ಕೇಳಿದೆ.

"ಉಂಡಿ ಮಾಡಿಟ್ಟಿ ಏನು?"

"ಈಗ ಮಾಡಿಟ್ರ ಗಟ್ಟಿ ಆಗ್ತಾವ. ನೀ ಬಂದ ದಿನ ಮಾಡ್ತೇನಿ."

"ಪಾಕೀಟ ಹೆಂಗ ಮುಚ್ತಿ? ಚಿಮಣಿ ಎಲ್ಲದ ಈಗ?"

"ಅದ," ಎಂದಳು ಅವ್ವ. "ತಿಕ್ಕಿ ಇಟ್ಟೇನಿ. ನೀ ಬಾ."