ಹಿಂದಿನ ಸೀಟಿನ ಗಾಲ್ಫ್ ಕೋಲುಗಳು

ರಾಜಾಜಿನಗರದ ನಮ್ಮ ಎದುರುಮನೆ ಇಂಜಿನಿಯರು ಭಾನುವಾರ ಬಂತೆಂದರೆ ಮೋಟಾರ್ ಸೈಕಲ್ಲಿನಲ್ಲಿ ಗಾಲ್ಫ್ ಆಡಲು ಹೊರಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮ ಬೀದಿಗೆ ಅದೇ ಒಂದು ತಮಾಷೆ. ಕೋಲುಗಳ ಉದ್ದನೆ ಚೀಲವನ್ನು ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿ, ಕೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿದ ಮೇಲೆಯೇ ಕಿಕ್ ಹೊಡೆಯುವುದು. ತಿರುವಿನಲ್ಲಿ ಚೀಲ ಸೊಪ್ಪಿನವಳ ಬುಟ್ಟಿಗೆ ತಗುಲಿದರೂ, ಮಳೆಯಲ್ಲಿ ಗಾಡಿ ಕೆಟ್ಟು ನಿಂತರೂ ಅವರದು ಒಂದೇ ಮಾತು: "ಇರ್ಲಿ ಬಿಡಿ, ಏನಾಯ್ತೀಗ?" ಹೆಂಡತಿ ಜೊತೆಗೆ ಹೊರಟರೆ ಆ ಚೀಲವನ್ನು ಪಾಪ ಅವರೇ ಎರಡೂ ಕೈಯಲ್ಲಿ ತಬ್ಬಿಕೊಂಡು ಕೂರಬೇಕು. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಇಂಜಿನಿಯರ ಅತ್ತೆ ಕೆಂಗೇರಿ ಉಪನಗರದಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ನಾವೂ ಬಸ್ಸಿನಲ್ಲಿ ಹೋಗಿದ್ದೆವು. ಊಟ ಮುಗಿಸಿ ಹಾಗೇ ಆಟಕ್ಕೆ ಹೋಗೋಣವೆಂದು ಇಂಜಿನಿಯರು ಚೀಲ ತಂದು ಬಾಗಿಲ ಪಕ್ಕ ಒರಗಿಸಿದ್ದರು. ಮನೆಯ ಸುತ್ತ ಬರೀ ಪೊದೆ, ಅತ್ತೆಗೆ ಹಾವಿನ ಭಯ. ಚೀಲದೊಳಗೆ ಇಣುಕಿದ ಅತ್ತೆಯ ಮುಖ ಅರಳಿತು. "ನಮ್ಮ ಅಳಿಯಂದಿರಿಗೆ ಎಷ್ಟು ಕಾಳಜಿ ನೋಡಿ! ಹಾವು ಓಡಿಸೋಕೆ ಕಬ್ಬಿಣದ ಕೋಲು ತಂದಿದಾರೆ," ಎಂದವರೇ ಒಂದೊಂದಕ್ಕೂ ವಿಭೂತಿ ಹಚ್ಚಿ ದೇವರ ಮುಂದೆ ಇಟ್ಟುಬಿಟ್ಟರು.

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಇವರು ಕಣ್ಣಲ್ಲೇ ತಡೆದು, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. "ಇರ್ಲಿ ಬಿಡೇ, ಏನಾಯ್ತೀಗ?"

ಸಂಜೆ ನಾವು ಬಸ್ಸಿಗೆ ಕಾಯುತ್ತಿದ್ದಾಗ ಅವರಿಬ್ಬರೂ ಗಾಡಿಯಲ್ಲಿ ನಮ್ಮ ಮುಂದೆಯೇ ಹಾದುಹೋದರು. ಚೀಲವಿರಲಿಲ್ಲ. ಅವರ ಹೆಂಡತಿಯ ಕೈಗಳು ಮೊದಲ ಸಲ ಖಾಲಿಯಾಗಿದ್ದವು. ಒಂದರಲ್ಲಿ ಗಂಡನ ಸೊಂಟ ಬಳಸಿದ್ದರು, ಇನ್ನೊಂದನ್ನು ನನ್ನತ್ತ ಬೀಸಿದರು.