ಹಿರಿಯೂರಿನಲ್ಲಿ ಗೋವಾದ ಕಡೆಯವರು

ಗೋವಾದ ಮುಖವನ್ನೇ ನೋಡದ ನಾನು ಅಲ್ಲಿನ ಫುಟ್‌ಬಾಲ್ ಟೀಮಿಗಾಗಿ ಹಿರಿಯೂರಿನಲ್ಲಿ ಗಂಟಲು ಹರಿದುಕೊಂಡ ಪೆದ್ದ. ಆ ಟೀಮಿಗೆ ಊರಲ್ಲಿ ನಾನೊಬ್ಬನೇ ಅಭಿಮಾನಿ. ಮಿಕ್ಕವರೆಲ್ಲ ಬೆಂಗಳೂರಿನ ಕಡೆ.

ಬಸ್ ಸ್ಟ್ಯಾಂಡ್ ಹಿಂದಿನ ಟೀ ಅಂಗಡಿಯ ಯಜಮಾನರದೊಂದು ಪದ್ಧತಿಯಿತ್ತು. ಒಂದೇ ಹೊತ್ತಿಗೆ ಎರಡು ಪಂದ್ಯವಿದ್ದರೆ ನಮಗೆ ಬೆನ್ನು ಹಾಕಿ, ಟೀ ಎತ್ತಿ ಎತ್ತಿ ಸುರಿಯುತ್ತಾ, "ಕೂಗ್ರಪ್ಪ, ಕಿವಿ ಹೇಳಿದ್ದೇ ತೀರ್ಪು" ಎನ್ನುತ್ತಿದ್ದರು. ಯಾರ ಕಡೆ ಗದ್ದಲ ಹೆಚ್ಚೋ ಟಿವಿಯಲ್ಲಿ ಅವರ ಪಂದ್ಯ. ಈಗ ಪ್ರತಿಯೊಬ್ಬರ ಪಂದ್ಯವೂ ಅವರವರ ಫೋನಿನಲ್ಲಿ; ಕೂಗುವವರೇ ಇಲ್ಲ. ಆ ಬೆನ್ನು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದು ಲೀಗಿನ ಕೊನೆಯ ಸಂಜೆ; ಗೋವಾದ್ದೂ ಬೆಂಗಳೂರಿನದೂ ಬೇರೆ ಬೇರೆ ಪಂದ್ಯ, ಒಂದೇ ಹೊತ್ತಿಗೆ. ಗೆದ್ದರಷ್ಟೇ ಗೋವಾ ಮುಂದಿನ ಸುತ್ತಿಗೆ. ಆ ಪಂದ್ಯ ನೋಡಲೇಬೇಕೆಂದು ನಾನು ಬಸ್ ಕಂಡಕ್ಟರ್ ದನಿಯಲ್ಲಿ, ಹೂ ಮಾರುವ ಅಜ್ಜಿಯ ದನಿಯಲ್ಲಿ, ಕೆಮ್ಮುವ ಮೇಷ್ಟ್ರ ದನಿಯಲ್ಲಿ, ಕಡೆಗೆ ಯಜಮಾನರದೇ ಗೊಗ್ಗರು ದನಿಯಲ್ಲೂ "ಗೋವಾ, ಗೋವಾ" ಎಂದು ಅರಚಿದೆ. ಬೆಂಗಳೂರಿನ ಕಡೆಯವರು ನಕ್ಕು ನಕ್ಕು ಕೂಗುವುದನ್ನೇ ಮರೆತರು.

ಯಜಮಾನರು ತಿರುಗಿಯೂ ನೋಡದೆ ಗೋವಾ ಪಂದ್ಯ ಹಾಕಿದರು.

"ನೋಡಿದ್ರಾ ಯಜಮಾನ್ರೇ, ನಮ್ ಕಡೇರು ಎಷ್ಟ್ ಜನ ಅವ್ರೆ!" ಎಂದು ಬೀಗಿದೆ.

ಅವರು ತಟ್ಟೆ ತುಂಬ ಗ್ಲಾಸು ತಂದು ನನ್ನ ಮುಂದಿಟ್ಟು, ಒಂದನ್ನು ತಾವೇ ಎತ್ತಿಕೊಂಡರು.

"ಗೋವಾದೋರಿಗೆಲ್ಲ ಟೀ ತಂದೀನಿ. ನನ್ ದನೀದು ನಾನ್ ಕುಡಿತೀನಿ. ಕಂಡಕ್ಟ್ರುದು, ಅಜ್ಜೀದು, ಮೇಷ್ಟ್ರುದು ನೀನೇ ಕುಡೀಬೇಕಪ್ಪ."