ಲಗಮಪ್ಪನ ಕಣ್ಣಿನ ಹಳದಿ

ಮಂಗಸೂಳಿಯ ಆಶಾ ಕಾರ್ಯಕರ್ತೆ ಶೇವಂತಾ ಕಾಂಬಳೆ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಕೆಲಸಕ್ಕೆ ಸೇರಿದ ಮೇಲೆ ಕನ್ನಡದ ರಿಜಿಸ್ಟರು ತುಂಬಲು ಮಗಳು ಸರಿತಾಳ ಪಕ್ಕ ಕೂತು ಅಕ್ಷರ ಕಲಿತಳು. ಒತ್ತು ತಪ್ಪಿದರೆ ಮೀಟಿಂಗಿನಲ್ಲಿ ನಗುತ್ತಿದ್ದರು. ಹಾಗಾಗಿ ಇಲಾಖೆಯ ಮೊಬೈಲು ಬಂದಾಗ ಉಳಿದವರು ಹೆದರಿದರೂ ಅವಳಿಗೆ ಬಿಡುಗಡೆ ಸಿಕ್ಕಂತಾಯಿತು. ಬರೆಯುವ ಗೊಡವೆಯಿಲ್ಲ, ಒತ್ತಿದರೆ ಸಾಕು. ಎರಡೇ ತಿಂಗಳಲ್ಲಿ ಬೇರೆ ಆಶಾಗಳಿಗೂ ಕಲಿಸತೊಡಗಿದಳು.

“ಹೆದರಬ್ಯಾಡ್ರಿ, ಇದೇನ್ ಕಡಿಯೂದಿಲ್ಲ.”

ಹೋದ ವರ್ಷ ದ್ರಾಕ್ಷಿ ಚಾಟಣಿ ಶುರುವಾಗುವ ಹೊತ್ತಿಗೆ ಲಗಮಪ್ಪನಿಗೆ ಕ್ಷಯ ಇರುವುದು ಗೊತ್ತಾಯಿತು. ಊರಿಂದ ಮೂರು ಮೈಲಿ ದೂರದ ತೋಟದಲ್ಲಿ ಚಾಟಣಿಯ, ಅಂದರೆ ಬಳ್ಳಿ ಕತ್ತರಿಸುವ, ಕೂಲಿ ಅವನದು. ಹೆಂಡತಿ ಸೋನಾಬಾಯಿಯೊಂದಿಗೆ ಅಲ್ಲೇ ಒಂದು ತಗಡಿನ ಖೋಲಿಯಲ್ಲಿದ್ದ. ಆರು ತಿಂಗಳು ದಿನವೂ ಗುಳಿಗೆ ನುಂಗಬೇಕು, ನುಂಗುವುದನ್ನು ಶೇವಂತಾ ನೋಡಬೇಕು. ಮೊದಲ ವಾರ ನಡೆದುಕೊಂಡೇ ಹೋದಳು. ಮೊಣಕಾಲು ಬಾತವು. ವಿಡಿಯೋ ತರಿಸಿಕೊಂಡರೂ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವನಿಗೂ ಕಲಿಸಿಕೊಟ್ಟಳು.

ಬೆಳಗಾಗುವ ಮುಂಚೆ, ತೋಟಕ್ಕೆ ಇಳಿಯುವ ಮೊದಲು ಲಗಮಪ್ಪನ ವಿಡಿಯೋ ಬರುತ್ತಿತ್ತು. ಗುಳಿಗೆ, ನೀರು, ಆಮೇಲೆ ಹೊರಚಾಚಿದ ನಾಲಿಗೆ.

“ಶಾಬ್ಬಾಸ್ ಮಾಮಾ! ತ್ರಾಸ ಏನರೆ ಐತೇನು?” ಎಂದು ಶೇವಂತಾ ಧ್ವನಿ ಕಳಿಸುತ್ತಿದ್ದಳು.

“ಏನಿಲ್ಲಬೇ, ಬರೊಬ್ಬರಿ ಅದೀನಿ.”

ಮೊಬೈಲಿನಲ್ಲಿ ಅವನ ಹೆಸರಿನ ಮುಂದೆ ಹಸಿರು ಗುರುತುಗಳು ಸಾಲಾಗಿ ಬಿದ್ದವು. ಡಾಕ್ಟರು ಮೀಟಿಂಗಿನಲ್ಲಿ ಆ ಸಾಲನ್ನು ಎಲ್ಲರಿಗೂ ತೋರಿಸಿದರು.

ಆರನೆಯ ವಾರ ಎರಡು ದಿನ ವಿಡಿಯೋ ಬರಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡಳು. ಮೂರನೆಯ ದಿನ ಹೋಗಿ ನೋಡಿದರೆ ಲಗಮಪ್ಪ ಬಿಸಿಲಿನಲ್ಲಿ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಅರಿಶಿನ ಕದಡಿದ ನೀರಿನಂತಿದ್ದವು.

“ಯಾವಾಗಿಂದ ಹಿಂಗ?”

“ಹದಿನೈದ ದಿನಾ ಆತು,” ಎಂದಳು ಸೋನಾಬಾಯಿ. “ಅನ್ನ ಮುಟ್ಟೂದಿಲ್ಲ. ತಿಂದದ್ದೆಲ್ಲಾ ಕಕ್ಕತಾನ.”

“ನನಗ್ಯಾಕ ಹೇಳಲಿಲ್ಲೋ ಮಾಮಾ?”

ಲಗಮಪ್ಪ ಕಷ್ಟಪಟ್ಟು ಬಾಯಿ ಬಿಟ್ಟ. “ಹೇಳಿದ್ರ ಗುಳಿಗಿ ಬಂದ್ ಮಾಡಿ, ಮತ್ತ ಮೊದಲಿಂದ ಸುರು ಮಾಡಸ್ತಾರ ಅಂತ ಅಂಜಿದೆ. ನೀನೂ ದಿನಾ ಶಾಬ್ಬಾಸ್ ಅಂತಿದ್ದಿ.”

ಗುಳಿಗೆಯೇ ಲಿವರಿಗೆ ಹೊಡೆದಿತ್ತು. ಕೆಲವರಿಗೆ ಹಾಗಾಗುತ್ತದೆ, ಬೇಗ ಗೊತ್ತಾದರೆ ಗುಳಿಗೆ ನಿಲ್ಲಿಸಿ ಉಳಿಸಿಕೊಳ್ಳಬಹುದು. ಗಾಡಿ ತರಿಸಿ ದೊಡ್ಡ ಆಸ್ಪತ್ರೆಗೆ ಒಯ್ದರು. ನಾಲ್ಕನೆಯ ದಿನ ಲಗಮಪ್ಪ ತೀರಿಕೊಂಡ.

ವಿಚಾರಣೆಗೆ ಬಂದ ಅಧಿಕಾರಿ ಮೊಬೈಲು ನೋಡಿ, “ನಿಮ್ಮದೇನೂ ತಪ್ಪಿಲ್ರಿ, ದಾಖಲೆ ಎಲ್ಲಾ ಸರಿ ಐತಿ,” ಎಂದು ಬರೆದುಕೊಂಡು ಹೋದರು. ಮನೆಗೆ ಬಂದು ಶೇವಂತಾ ಎಲ್ಲ ವಿಡಿಯೋಗಳನ್ನೂ ಮತ್ತೆ ನೋಡಿದಳು. ಖೋಲಿಯ ಬಲ್ಬಿನ ಬೆಳಕಿನಲ್ಲಿ ಗೋಡೆ, ಅಂಗಿ, ಕಣ್ಣು ಎಲ್ಲವೂ ಒಂದೇ ಹಳದಿ. ಆದರೆ ಕೆನ್ನೆ ಒಳಗಿಳಿದದ್ದು, ಅಂಗಿಯ ಕೊರಳು ದಿನದಿನಕ್ಕೆ ಸಡಿಲಾದದ್ದು ಚೆನ್ನಾಗಿಯೇ ಕಾಣುತ್ತಿತ್ತು. ಅವಳು ದಿನವೂ ನೋಡಿದ್ದು ನಾಲಿಗೆಯನ್ನಷ್ಟೇ.

ರೋಗಿಯ ಜೊತೆಗಿದ್ದವರನ್ನೂ ತಪಾಸಣೆ ಮಾಡಿಸಬೇಕು. ಹದಿಮೂರು ದಿನ ಕಳೆದ ಮೇಲೆ ಕಫದ ಡಬ್ಬಿ ಹಿಡಿದು ಸೋನಾಬಾಯಿಯ ಬಾಗಿಲಿಗೆ ಹೋದಳು.

“ಇಲ್ಲಿತನಾ ಯಾಕ ಬಂದಿ?” ಸೋನಾಬಾಯಿ ಒಳಗಿಂದಲೇ ಕೇಳಿದಳು. “ಫೋನಿನ್ಯಾಗ ನೋಡು.”

“ತಪ್ಪ ನಂದು, ಮಾಮಿ.”

ಸೋನಾಬಾಯಿ ಬಾಗಿಲಿಗೆ ಬಂದಳು. “ನಿಂದ್ರಾಕ ಬರತಿರಲಿಲ್ಲ ಅವಂಗ. ಆದ್ರೂ ಒಗದ ಅಂಗಿ ಹಾಕ್ಕೊಂಡು, ತಲಿ ಬಾಚ್ಕೊಂಡು ಕುಂಡ್ರತಿದ್ದ. ಶೇವಂತಾ ನೋಡ್ತಾಳ ಅಂತಿದ್ದ.” ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಮರುವಾರ ಶೇವಂತಾ ತನ್ನ ಬದಲು ಸಪನಾ ಎಂಬ ಹೊಸ ಆಶಾಳನ್ನು ಕಳಿಸಿದಳು. ಸೋನಾಬಾಯಿಗೆ ರೋಗ ಇರಲಿಲ್ಲ. ಚಾಟಣಿ ಮುಗಿಯುತ್ತಲೇ ಕುಡಚಿ ಕಡೆಯ ತವರಿಗೆ ಹೊರಟುಹೋದಳು. ಅವಳೂ ಶೇವಂತಾಳೂ ಮತ್ತೆ ಭೇಟಿಯಾಗಲಿಲ್ಲ.

ಈಗ ಶೇವಂತಾಳ ಕೈಯಲ್ಲಿ ಇನ್ನಿಬ್ಬರು ಕ್ಷಯ ರೋಗಿಗಳಿದ್ದಾರೆ. ವಿಡಿಯೋ ಬರುತ್ತದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಎರಡು ದಿನಕ್ಕೊಮ್ಮೆ ಹೋಗಿಯೂ ಬರುತ್ತಾಳೆ. ಒಂದು ದಿನ ದಾರಿಯಲ್ಲಿ ಸಪನಾ ಕೇಳಿದಳು, “ಈ ಫೋನ್ ಚಲೋನೋ ಕೆಟ್ಟದ್ದೋ ಅಕ್ಕಾ?”

ಶೇವಂತಾ ಬಗ್ಗಿ ಮೊಣಕಾಲಿನ ಪಟ್ಟಿ ಬಿಗಿದುಕೊಂಡಳು.

“ಚಲೋನ ಐತವ್ವಾ,” ಎಂದಳು. “ನಾನ ಹೋಗಬೇಕಾಗಿತ್ತು.”